ದೇಸೂರಿನ ಪ್ರಮಿಳಾ ಮತ್ತು ಖಾನಾಪುರದ ರೂಟರ್

ಪ್ರಮಿಳಾಳ ಪರಿಚಯ ನನಗಾದದ್ದು ರೈಲಿನಲ್ಲಿ. ೧೯೯೯ರ ಮಳೆಗಾಲ ಮುಗಿಯುತ್ತ ಬಂದಿತ್ತು. ನಾನು ಖಾನಾಪುರದವಳು, ಬೆಳಗಾವಿಯ ಒಂದು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಹಿಡಿದು ಹೋಗುವುದು, ಸಂಜೆ ಮರಳುವುದು. ದೇಸೂರ ಸ್ಟೇಷನ್ನಿನಲ್ಲಿ ಒಬ್ಬ ತೆಳ್ಳಗಿನ ಹುಡುಗಿ ಹತ್ತುತ್ತಿದ್ದಳು. ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಬಾಗಿಲ ಪಕ್ಕದ ಕಂಬಿಗೆ ಒರಗಿ, ದಪ್ಪನೆಯ ಇಂಗ್ಲಿಷ್ ಪುಸ್ತಕ ತೆರೆದು, ತುಟಿ ಅಲುಗಿಸುತ್ತ ಓದುವಳು. ಒಂದು ದಿನ ನಾನೇ ಕೇಳಿದೆ, ಪರೀಕ್ಷೆ ಐತೇನು ಅಂತ.

“ಪರೀಕ್ಷಾ ಅಲ್ರಿ ಅಕ್ಕಾರ, ಕೆಲಸದ ಪುಸ್ತಕ. ಇದರಾಗಿಂದು ಒಂದು ಹಾಳಿ ತಿಳಿಯೂದ್ರಾಗ ಬೆಳಗಾವಿ ಬಂದಬಿಡತೈತಿ” ಎಂದಳು.

ಅಂದಿನಿಂದ ನನ್ನ ಪಕ್ಕ ಕೂರತೊಡಗಿದಳು. ಮುಂದಿನ ಎರಡು ವರ್ಷ ಅವಳ ಬಾಳಿನಲ್ಲಿ ನಡೆದದ್ದನ್ನೆಲ್ಲ ದೇಸೂರ ಮತ್ತು ಬೆಳಗಾವಿಯ ನಡುವಿನ ಆ ಚಿಕ್ಕ ದಾರಿಯಲ್ಲೇ, ಕಂತು ಕಂತಾಗಿ ಕೇಳಿದ್ದೇನೆ.

ಅವಳ ತಂದೆ ರಾಯಪ್ಪನದು ಕುರಿ ಕಾಯುವ ಮನೆತನ. ಅರವತ್ತೆಪ್ಪತ್ತು ಕುರಿ, ಒಂದೂವರೆ ಎಕರೆ ಹೊಲ. ತಾಯಿ ಸಾವಂತ್ರವ್ವ ಉಣ್ಣೆ ನೂಲುತ್ತಿದ್ದಳು. ಮೂರು ಮಕ್ಕಳಲ್ಲಿ ಪ್ರಮಿಳಾ ನಡುವಿನವಳು. ಹತ್ತನೆಯ ತರಗತಿ ಆದಮೇಲೆ ಬೆಳಗಾವಿಯ ಪಾಲಿಟೆಕ್ನಿಕ್ಕಿನಲ್ಲಿ ಇಲೆಕ್ಟ್ರಾನಿಕ್ಸ್ ಡಿಪ್ಲೊಮಾ ಸೀಟು ಸಿಕ್ಕಾಗ ರಾಯಪ್ಪನಿಗೆ ಆ ಹೆಸರು ಹೇಳಲು ಬರಲಿಲ್ಲವಂತೆ. ಯಾರಾದರೂ ಕೇಳಿದರೆ “ತಂತಿ ವಿದ್ಯಾ ಕಲ್ಯಾಕತ್ತಾಳ” ಎನ್ನುತ್ತಿದ್ದ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಬೆಳಗಾವಿಯದೇ ಪೇಟೆಯಾದ ಶಹಾಪುರದ ಟಿವಿ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಮಾಡಿದಳು. ಓಣಿಯ ಎರಡೂ ಕಡೆ ಮಗ್ಗಗಳು. ಗಿರಾಕಿ ಹೇಳುವುದು ಕೇಳಿಸಬೇಕಾದರೆ ಬಾಗಿಲು ಮುಚ್ಚಿಕೊಳ್ಳಬೇಕು. ಅಲ್ಲಿದ್ದಾಗಲೇ ಅದೇ ಊರಿನ ಹಿಂದವಾಡಿ ಬಡಾವಣೆಯ ಹೊಸ ಇಂಟರ್ನೆಟ್ ಕಂಪನಿಗೆ ಜನ ಬೇಕಾಗಿದ್ದಾರೆಂದು ತಿಳಿದು ಅರ್ಜಿ ಹಾಕಿದಳು.

ಆಗಿನ ಇಂಟರ್ನೆಟ್ ಟೆಲಿಫೋನ್ ತಂತಿಯ ಮೇಲೆ ಬರುವಂಥದು. ಕಂಪ್ಯೂಟರ್ ಒಂದು ನಂಬರಿಗೆ ಫೋನ್ ಹಚ್ಚುತ್ತದೆ, ಕಿರ್ರೆಂದು ಸದ್ದಾಗುತ್ತದೆ, ಆಮೇಲೆ ಸಂಪರ್ಕ ಸಿಗುತ್ತದೆ. ಆ ಫೋನುಗಳೆಲ್ಲ ಹೋಗಿ ಮುಟ್ಟುವುದು ಕಂಪನಿಯ ಒಂದು ಕೋಣೆಯಲ್ಲಿರುವ ಕಬ್ಬಿಣದ ಡಬ್ಬಿಗೆ. ಬಂದ ಕರೆಗಳನ್ನು ಎತ್ತಿಕೊಂಡು ಹೊರಜಗತ್ತಿಗೆ ದಾಟಿಸುವ ಆ ಡಬ್ಬಿಯೇ ರೂಟರ್. ಅದರ ಬೆನ್ನಿನಲ್ಲಿ, ಮೇಜಿನ ಖಾನೆಗಳ ಹಾಗೆ, ಒಳಗೆ ಸರಿಸಿ ಕೂರಿಸುವ ಹಲಗೆಗಳಿರುತ್ತವೆ. ಒಂದೊಂದಕ್ಕೆ ಎಂಟೆಂಟು ಟೆಲಿಫೋನ್ ಲೈನು. ಅದಕ್ಕೆ ಮಾಡ್ಯೂಲ್ ಎಂದು ಹೆಸರು, ಕಂಪನಿಯವರು ಕಾರ್ಡ್ ಎನ್ನುತ್ತಿದ್ದರು.

ಕಂಪನಿಯ ಮಾಲೀಕ ಸಂಜಯ, ಮೂವತ್ತೈದರ ಆಸುಪಾಸಿನವರು, ಚುರುಕು, ಅವಸರ ಜಾಸ್ತಿ. ಯಂತ್ರಗಳ ಜವಾಬ್ದಾರಿ ಚನ್ನಬಸಯ್ಯನವರದು. ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ದುಡಿದು ನಿವೃತ್ತರಾದ ಮೇಲೆ ಇಲ್ಲಿ ಸೇರಿದ್ದರು. ಹಣೆಯಲ್ಲಿ ವಿಭೂತಿ, ಅಂಗಿಯ ಜೇಬಿನಲ್ಲಿ ಮೂರು ಅಳತೆಯ ಸ್ಕ್ರೂಡ್ರೈವರ್. ಸಂದರ್ಶನಕ್ಕೆ ಹೋದ ದಿನ ಅವರು ಪ್ರಮಿಳಾಳನ್ನು ಹೆಚ್ಚು ಪ್ರಶ್ನೆ ಕೇಳಲಿಲ್ಲ. ಹಳೆಯ ಫೋನೊಂದನ್ನು ಮುಂದಿಟ್ಟು “ಬಿಚ್ಚು ತಂಗಿ” ಎಂದರು. ಅವಳು ಬಿಚ್ಚುತ್ತ ಹೋದಳು, ತೆಗೆದ ಸ್ಕ್ರೂಗಳನ್ನು ತೆಗೆದ ಸಾಲಿನಲ್ಲೇ ಮೇಜಿನ ಮೇಲೆ ಇಟ್ಟಳು. ಅಷ್ಟು ನೋಡಿ ಅವರು ಸಂಜಯರಿಗೆ “ಈಕಿ ಇರ್ಲಿ” ಎಂದರು.

ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು. ಅನಾಹುತ ಆದದ್ದು ೨೦೦೦ನೇ ಇಸವಿಯ ಜನವರಿಯಲ್ಲಿ.

ಆ ತಿಂಗಳು ಬೆಳಗಾವಿಯ ಚಳಿ ಗೊತ್ತಲ್ಲ, ಒಣಗಾಳಿಗೆ ತುಟಿ ಒಡೆಯುತ್ತವೆ. ಪ್ರಮಿಳಾ ತಾಯಿ ನೂತ ಉಣ್ಣೆಯ ಶಾಲು ಹೊದ್ದು ಬಂದಿದ್ದಳು. ಮಧ್ಯಾಹ್ನ ಚನ್ನಬಸಯ್ಯನವರು ಊಟಕ್ಕೆ ಮನೆಗೆ ಹೋಗಿದ್ದರು. ಅವರ ಮನೆ ಅಲ್ಲೇ ಹಿಂದವಾಡಿಯಲ್ಲಿ, ಎರಡು ಓಣಿ ಆಚೆ. ಆಗ ಒಂದು ಕಾರ್ಡಿನ ಲೈನುಗಳು ತೊದಲತೊಡಗಿದವು. ಬದಲಿ ಕಾರ್ಡು ಕಪಾಟಿನಲ್ಲಿತ್ತು. ಸಂಜಯ ಬಾಗಿಲಲ್ಲಿ ನಿಂತು, “ಹಳೇದು ಎಳಿ, ಹೊಸಾದು ತುರುಕು. ಎರಡು ನಿಮಿಷದ ಕೆಲಸ” ಎಂದರು.

ಅವಳು ಎಳೆದಳು. ಡಬ್ಬಿಗೆ ಕರೆಂಟ್ ಹರಿಯುತ್ತಲೇ ಇತ್ತು. ಬೆರಳು ತಾಗುವಾಗ ಚಟ್ ಎಂದು ಸಣ್ಣ ಕಿಡಿ ಚುಚ್ಚಿದ್ದು ಅವಳಿಗೆ ಗೊತ್ತಾಯಿತು. ಕಾರ್ಡು ಅರ್ಧ ಬಂದು ಸ್ವಲ್ಪ ಓರೆಯಾಯಿತು, ಮರುಕ್ಷಣ ಡಬ್ಬಿಯ ದೀಪಗಳೆಲ್ಲ ಒಟ್ಟಿಗೆ ಹೋದವು. ಫ್ಯಾನಿನ ಸದ್ದೂ ನಿಂತಿತು. “ಆ ಫ್ಯಾನ್ ನಿಂತ ಮ್ಯಾಲ ಕೋಣ್ಯಾಗ ಎಷ್ಟು ಸುಮ್ಮಗಾತಂದ್ರ ಅಕ್ಕಾರ, ನನ್ನ ಎದಿ ಬಡಿಯೂದು ಸಂಜಯ ಸರಿಗೆ ಕೇಳಿರಬೇಕು” ಎಂದು ಆಮೇಲೆ ನನಗೆ ಹೇಳಿದಳು.

ಡಬ್ಬಿ ಮತ್ತೆ ಎದ್ದೇಳಲಿಲ್ಲ. ಪುಣೆಯಿಂದ ಇನ್ನೊಂದು ಬರುವವರೆಗೆ ಮೂರು ದಿನ ಕಂಪನಿಯ ಇಂಟರ್ನೆಟ್ ಊರಿನಲ್ಲಿ ಯಾರಿಗೂ ಇರಲಿಲ್ಲ. ಊಟದಿಂದ ಓಡಿಬಂದ ಚನ್ನಬಸಯ್ಯನವರ ಎದುರು ಸಂಜಯ ಕೇಳಿದ್ದು ಒಂದೇ ಮಾತು, ವರದಿಯಲ್ಲಿ ಯಾರ ಹೆಸರು ಬರೆಯಬೇಕು?

“ನನ್ನ ಹೆಸರು ಬರೀರಿ. ಕಾರ್ಡ್ ತೆಗೆಯೂದು ನಾ ಆಕಿಗೆ ಕಲಿಸಿರಲಿಲ್ಲ” ಎಂದರು ಚನ್ನಬಸಯ್ಯನವರು.

ಪ್ರಮಿಳಾ ಆ ಸಂಜೆ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಮರುದಿನ ದೇಸೂರಿನಲ್ಲಿ ಅವಳು ಹತ್ತಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಎದುರಿನ ಗಾಡಿಯಲ್ಲಿ ಬೆಳಗಾವಿಯಿಂದ ಬಂದು ದೇಸೂರಿನಲ್ಲಿ ಇಳಿದದ್ದು ಚನ್ನಬಸಯ್ಯನವರು. ಆ ಭೇಟಿಯ ಕಥೆಯನ್ನು ಪ್ರಮಿಳಾ ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಅಲ್ಲಿದ್ದ ಹಾಗೆ ಬರೆಯಬಲ್ಲೆ.

ಅವರು ರಾಯಪ್ಪನ ಮನೆ ಕೇಳಿಕೊಂಡು ಬಂದಾಗ ರಾಯಪ್ಪ ಹಟ್ಟಿಯಲ್ಲಿ ಕುರಿಮರಿಗೆ ಔಷಧ ಕುಡಿಸುತ್ತಿದ್ದ. ವಿಭೂತಿಯ ಅಯ್ಯನವರು ಬಾಗಿಲಿಗೆ ಬಂದದ್ದು ಕಂಡು ಕೈಯೊರೆಸಿಕೊಂಡು ಬಂದು ಕಾಲಿಗೆ ಬಿದ್ದ. ಸಾವಂತ್ರವ್ವ ಕಂಬಳಿ ಹಾಸಿದಳು.

“ಕುಂದರ್ರಿ ಅಯ್ಯಾರ. ನಮ್ಮ ಹುಡುಗಿ ಏನೋ ದೊಡ್ಡ ತಪ್ಪು ಮಾಡ್ಯಾಳಂತ. ಎರಡು ದಿನಾತು, ಊಟಾ ಬಿಟ್ಟಾಳ” ಎಂದ ರಾಯಪ್ಪ.

“ತಪ್ಪು ಆಗಿದ್ದು ಖರೇ. ಆದರ ಅದು ಆಕಿದೊಂದ ಅಲ್ಲ. ಮೈಯಾಗಿನ ಕರೆಂಟ್ ಇಳಸಾಕ ಕೈಗೆ ಕಟ್ಟೂ ಪಟ್ಟಿ ಬೇಕಂತ ನಾ ಆರು ತಿಂಗಳದಿಂದ ಕೇಳಾಕತ್ತಿದ್ದೆ. ತರಿಸಿಕೊಡಲಿಲ್ಲ, ನಾನೂ ಸುಮ್ಮನ ಕುಂತೆ. ಹುಡುಗಿಗೆ ಹಿಂಗ ತೆಗೀಬೇಕಂತ ಹೇಳಿಕೊಡೂದೂ ಬಿಟ್ಟೆ.”

ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ಪ್ರಮಿಳಾಳಿಗೆ ಇದೆಲ್ಲ ಕೇಳಿಸುತ್ತಿತ್ತು. ಚನ್ನಬಸಯ್ಯನವರು ದನಿ ಸ್ವಲ್ಪ ಏರಿಸಿ, ಅವಳಿಗೂ ತಲುಪುವಂತೆ ಮುಂದುವರಿಸಿದರು. ತಾವು ಇಪ್ಪತ್ತಾರರ ವಯಸ್ಸಿನಲ್ಲಿ ಒಂದು ಊರಿನ ಎಕ್ಸ್‌ಚೇಂಜಿನಲ್ಲಿ ತಪ್ಪು ಫ್ಯೂಸು ಕಿತ್ತು ಅರ್ಧ ಊರಿನ ಫೋನು ಬಂದ್ ಮಾಡಿದ್ದು. ಆಗ ಹಿರಿಯ ಮೆಕ್ಯಾನಿಕ್ ಒಬ್ಬರು ತಮ್ಮನ್ನು ಬಯ್ಯದೆ, ಅದೇ ಫ್ಯೂಸನ್ನು ತಮ್ಮ ಕೈಯಿಂದಲೇ ಮತ್ತೆ ಹಾಕಿಸಿದ್ದು. “ಅವತ್ತು ಅವರು ನನ್ನ ಮನಿಗೆ ಕಳಿಸಿದ್ದರ ನಾ ಮತ್ತ ಯಾವ ಮಷಿನ್ನೂ ಮುಟ್ಟತಿರಲಿಲ್ಲ” ಎಂದರು. ಆಮೇಲೆ ರಾಯಪ್ಪನ ಕಡೆ ತಿರುಗಿ, “ಇವತ್ತ ಪುಣೆದಿಂದ ಹೊಸಾ ಡಬ್ಬಿ ಬರತೈತಿ. ಅದನ್ನ ಕುಂದರಸಾಕ ನನಗ ನಿಮ್ಮ ಮಗಳು ಬೇಕು. ಕಳಸ್ರಿ.”

ಸಾವಂತ್ರವ್ವ ಹಾಲು ಕಾಯಿಸಿ ತಂದಳು. ಅವರು ಪೂರ್ತಿ ಕುಡಿದು, “ಇನ್ನಷ್ಟ ಐತೇನವ್ವಾ?” ಎಂದು ಕೇಳಿದರು. ಪ್ರಮಿಳಾ ಹೊರಗೆ ಬಂದು ಚಪ್ಪಲಿ ಹಾಕಿಕೊಂಡಳು.

ಆ ದಿನದಿಂದ ಕಲಿಕೆ ಶುರುವಾಯಿತು. ಸತ್ತ ಡಬ್ಬಿಯನ್ನು ಎಸೆಯಲು ಹೊರಟಿದ್ದ ಸಂಜಯರಿಂದ ಅದನ್ನು ಚನ್ನಬಸಯ್ಯನವರು ಬೇಡಿ ಪಡೆದರು. “ಇನ್ನೇನು ಸಾಯೂದಿಲ್ಲ ಇದು. ಹೆದರಬ್ಯಾಡ, ಬಿಚ್ಚು” ಎಂದು ಪ್ರತಿದಿನ ಊಟದ ನಂತರ ಅವಳ ಮುಂದೆ ಇಡುತ್ತಿದ್ದರು. ಎಲ್ಲಕ್ಕೂ ಮೊದಲು ಒಂದು ಪ್ರಶ್ನೆ: ಈ ಡಬ್ಬಿ ಕರೆಂಟ್ ಇದ್ದಾಗ ಕಾರ್ಡ್ ತೆಗೆಯಲು ಒಪ್ಪುತ್ತದೋ ಇಲ್ಲವೋ? ಕೆಲವು ದೊಡ್ಡ ರೂಟರುಗಳು ಒಪ್ಪುತ್ತವೆ, ತಮ್ಮದು ಒಪ್ಪುವುದಿಲ್ಲ. ಅದು ಪುಸ್ತಕದ ಯಾವ ಪುಟದಲ್ಲಿದೆ ಎಂದು ಅವಳೇ ಹುಡುಕಿ ತೋರಿಸಬೇಕು. ಆಮೇಲೆ ಹೊಸ ಕರೆಗಳು ಬಾರದಂತೆ ಬಾಗಿಲು ಹಾಕುವುದು, ಲೈನಿನಲ್ಲಿರುವವರು ಮುಗಿಸುವವರೆಗೆ ಕಾಯುವುದು, ಸ್ವಿಚ್ ಆರಿಸಿ ಕರೆಂಟಿನ ವೈರನ್ನೂ ಕೀಳುವುದು. ಫೋನ್ ತಂತಿಗಳನ್ನು ಕೀಳುತ್ತ ಒಂದೊಂದಕ್ಕೂ ಚೀಟಿ ಅಂಟಿಸುವುದು. ಮಣಿಕಟ್ಟಿಗೆ ಪಟ್ಟಿ ಕಟ್ಟಿ ಅದರ ತಂತಿಯನ್ನು ಡಬ್ಬಿ ಕೂರಿಸಿದ ಕಬ್ಬಿಣದ ಚೌಕಟ್ಟಿನ ಅರ್ಥಿಂಗಿಗೆ ಸಿಕ್ಕಿಸುವುದು. ಆ ಪಟ್ಟಿ ಕೊನೆಗೂ ಬಂದಿತ್ತು. ಕಾರ್ಡಿನ ಎರಡು ಸ್ಕ್ರೂಗಳನ್ನು ಒಂದೇ ಸಲ ಪೂರ್ತಿ ಬಿಚ್ಚದೆ, ಇದನ್ನಿಷ್ಟು ಅದನ್ನಿಷ್ಟು ಸಡಿಲಿಸುವುದು. ಎರಡೂ ಕೈಯಿಂದ ನೆಟ್ಟಗೆ ಎಳೆಯುವುದು. ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟುವಂತಿಲ್ಲ.

“ಎಷ್ಟು ಸಲಾ ಮಾಡಿಸಿದರು?” ಎಂದು ನಾನು ಒಮ್ಮೆ ಕೇಳಿದೆ.

“ಲೆಕ್ಕಾ ಬಿಟ್ಟೇನ್ರಿ. ಕಣ್ಣು ಮುಚ್ಚಿ ತೆಗಿ ಅಂತಾರ ಒಮ್ಮೊಮ್ಮೆ. ತೆಗದಿದ್ದನ್ನ ತಿರುಗಿ ಹಾಕು ಅಂತಾರ. ನಾ ಅವಸರಾ ಮಾಡಿದ್ರ ಚಾ ತರಸ್ತಾರ. ಅದನ್ನ ಕುಡದು ಮುಗಸೂತನಕ ಡಬ್ಬಿ ಮುಟ್ಟಾಕ ಬಿಡೂದಿಲ್ಲ.”

ಅದೇ ವರ್ಷದ ದೀಪಾವಳಿಯ ಹೊತ್ತಿಗೆ ಕಂಪನಿ ಖಾನಾಪುರದಲ್ಲೂ ಒಂದು ಸಣ್ಣ ಕೇಂದ್ರ ತೆರೆಯಿತು. ನಮ್ಮೂರಿನವರು ಬೆಳಗಾವಿಗೆ ಫೋನ್ ಹಚ್ಚುವ ಬದಲು ಊರಲ್ಲೇ ಹಚ್ಚಬಹುದಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಮಾಯಪ್ಪ ಎಂಬವನ ಕಂಪ್ಯೂಟರ್ ಸೆಂಟರಿನ ಮೇಲೆ ಒಂದು ಚಿಕ್ಕ ಕೋಣೆ. ಅದರಲ್ಲಿ ಒಂದು ರೂಟರ್, ಎರಡು ಕಾರ್ಡು, ಒಟ್ಟು ಹದಿನಾರು ಲೈನು. ನೋಡಿಕೊಳ್ಳುವ ಹೊಣೆ ಪ್ರಮಿಳಾಳದು. ವಾರಕ್ಕೆ ಎರಡು ದಿನ ಅವಳು ಎದುರಿನ ಗಾಡಿ ಹತ್ತಿ ನಮ್ಮೂರಿಗೆ ಬರುತ್ತಿದ್ದಳು. ಮರಾಠಿ ಮಾತಾಡುವ ಗಿರಾಕಿಗಳೊಂದಿಗೆ ಮರಾಠಿ, ಕನ್ನಡದವರೊಂದಿಗೆ ಕನ್ನಡ. ಕುರಿ ಮೇಯಿಸುತ್ತ ತಂದೆಯೊಡನೆ ಈ ಕಡೆಯ ಹಳ್ಳಿಗಳನ್ನೆಲ್ಲ ತಿರುಗಿದ್ದವಳಿಗೆ ಎರಡೂ ಸಲೀಸು.

೨೦೦೧ರ ಮೇ ತಿಂಗಳಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಬಂತು. ಅಂತರ್ಜಾಲದಲ್ಲಿ ಅಂಕ ನೋಡಬಹುದೆಂಬ ಸುದ್ದಿ ಹಬ್ಬಿ, ಮಾಯಪ್ಪನ ಅಂಗಡಿಯ ಮುಂದೆ ಹತ್ತು ಗಂಟೆಗೇ ನೂರಾರು ಮಂದಿ. ಕಾಡಂಚಿನ ಹಳ್ಳಿಗಳಿಂದ ಮೊದಲ ಬಸ್ಸಿಗೇ ಬಂದವರು, ಕೈಯಲ್ಲಿ ಹಾಲ್ ಟಿಕೆಟ್ಟು. ಅದೃಷ್ಟಕ್ಕೆ ಅಂದು ಪ್ರಮಿಳಾ ಖಾನಾಪುರದಲ್ಲೇ ಇದ್ದಳು.

ಹತ್ತೂವರೆಗೆ ಎರಡನೆಯ ಕಾರ್ಡಿನ ಲೈನುಗಳು ಕಡಿಯತೊಡಗಿದವು. ಕರೆ ಸೇರುತ್ತದೆ, ಅರ್ಧ ನಿಮಿಷದಲ್ಲಿ ಬೀಳುತ್ತದೆ. ಕೆಳಗಿನಿಂದ ಮಾಯಪ್ಪ ಕೂಗಿದ. ಅವಳು ಡಬ್ಬಿಯ ಬೆನ್ನಿಗೆ ಮೂಗು ತಂದಳು. ಬಿಸಿಯಾದ ಬಣ್ಣದಂಥ ಸಣ್ಣ ವಾಸನೆ. ಕೈ ಹಿಡಿದರೆ ಆ ಕಾರ್ಡಿನ ಮುಖದ ತಗಡು ಸುಡುತ್ತಿತ್ತು. ಅದರ ಎಂಟು ಲೈನುಗಳನ್ನು ಕೀಲಿಮಣೆಯಿಂದ ಆದೇಶ ಕೊಟ್ಟು ಮುಚ್ಚಿದಳು. ಕರೆ ಬೀಳುವುದು ನಿಂತಿತು, ಬಿಸಿ ಮಾತ್ರ ನಿಲ್ಲಲಿಲ್ಲ. ಹೀಗೇ ಬಿಟ್ಟರೆ ಪಕ್ಕದ ಒಳ್ಳೆಯ ಕಾರ್ಡೂ, ಡಬ್ಬಿಯೂ ಕೆಡಬಹುದು. ಈ ಕಾರ್ಡನ್ನು ತೆಗೆಯಲೇಬೇಕು.

ಅಷ್ಟರಲ್ಲಿ ಬೆಳಗಾವಿಯಿಂದ ಸಂಜಯರ ಫೋನು. ಅವಳು ಆಗಿದ್ದನ್ನು ಹೇಳಿದಳು.

“ಚಾಲೂ ಇದ್ದಾಗನ ಎಳದುಬಿಡು ಪ್ರಮಿಳಾ. ಇವತ್ತ ಲೈನ್ ಬಂದ್ ಮಾಡಿದ್ರ ಊರ ಮಂದಿ ಏನಂದಾರು?”

“ಆಗೂದಿಲ್ರಿ ಸರ. ಈ ಡಬ್ಬಿ ಅದನ್ನ ಒಪ್ಪೂದಿಲ್ಲ. ಪೂರ್ತಿ ಆರಿಸೇ ತೆಗೀಬೇಕು. ಹತ್ತ ಹನ್ನೆರಡು ನಿಮಿಷ ಬೇಕು.”

“ಹತ್ತ ನಿಮಿಷ ಎಲ್ಲಿಂದ ತರ್ಲಿ ನಾನು? ಕೈಗೆ ಪಟ್ಟಿ ಐತಲ್ಲ, ಕಟಗೊಂಡು ಎಳಿ.”

“ಪಟ್ಟಿ ಕಾರ್ಡ್ ಉಳಸತೈತ್ರಿ, ಡಬ್ಬಿ ಉಳಸೂದಿಲ್ಲ. ಹೋದ ವರ್ಷ ಒಂದು ಸುಟ್ಟೇನಿ. ಇದನ್ನ ಸುಟ್ಟರ ಮೂರು ದಿನ ಇವರಿಗೆ ಏನೂ ಸಿಗಾಂಗಿಲ್ಲ.”

“ಏನಾರ ಮಾಡು” ಎಂದು ಸಂಜಯ ಫೋನಿಟ್ಟರು.

ಅಷ್ಟು ಗಟ್ಟಿಯಾಗಿ ಮಾತಾಡಿದ್ದು ತಾನೇನಾ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ಸತ್ತ ಡಬ್ಬಿಯಲ್ಲಿ ನೂರು ಸಲ ಮಾಡಿದ್ದಳು, ಜೀವ ಇರುವುದರಲ್ಲಿ ಒಬ್ಬಳೇ ಮಾಡಿರಲಿಲ್ಲ. ಹಿಂದವಾಡಿಯ ಚನ್ನಬಸಯ್ಯನವರ ಮನೆಗೆ ಫೋನ್ ಹಚ್ಚಿದಳು. ಎತ್ತಿದ್ದು ಅವರ ಹೆಂಡತಿ ಗಂಗಾದೇವಿ.

“ಅವರಿಗೆ ನಿನ್ನೆ ಕಣ್ಣಿನ ಪೊರಿ ತೆಗದಾರವ್ವಾ. ಪಟ್ಟಿ ಕಟ್ಯಾರ. ಇನ್ನೊಂದು ಕಣ್ಣು ಮೊದಲಽ ಕಾಣಾಂಗಿಲ್ಲ” ಎಂದರು. ಪ್ರಮಿಳಾ ಫೋನಿಡಲು ಹೊರಟಳು. ಅಷ್ಟರಲ್ಲಿ ಹಿಂದಿನಿಂದ ಚನ್ನಬಸಯ್ಯನವರ ದನಿ ಕೇಳಿಸಿತು. “ಕಣ್ಣಿಗೆ ಪಟ್ಟಿ ಕಟ್ಯಾರ, ಕಿವಿಗಲ್ಲ. ಇಲ್ಲಿ ಕೊಡು.”

ಅವಳು ಎಲ್ಲ ಹೇಳಿದಳು. ಅವರು ಏನನ್ನೂ ಮಾಡು ಎಂದು ಹೇಳಲಿಲ್ಲ. “ಈಗ ಏನು ಮಾಡಬೇಕಂತಿ, ನೀನ ಹೇಳು” ಎಂದರು. ಅವಳು ಒಂದೊಂದಾಗಿ ಹೇಳುತ್ತ ಹೋದಳು, ಅವರು ಹೂಂ ಎನ್ನುತ್ತ ಹೋದರು.

ಒಳ್ಳೆಯ ಕಾರ್ಡಿಗೂ ಹೊಸ ಕರೆ ಬಾರದಂತೆ ಆದೇಶ ಕೊಟ್ಟಳು. ಮಾಯಪ್ಪನನ್ನು ಮೇಲೆ ಕರೆದು, ಸ್ವಲ್ಪ ಹೊತ್ತು ಎಲ್ಲ ಬಂದ್ ಆಗುತ್ತದೆ, ಆಮೇಲೆ ಎಂಟು ಲೈನು ಗಟ್ಟಿಯಾಗಿ ನಡೆಯುತ್ತವೆ ಎಂದು ತಿಳಿಸಿದಳು. ಮಾಯಪ್ಪ ತಲೆ ಚಚ್ಚಿಕೊಂಡ, ಆದರೂ ಕೆಳಗೆ ಹೋಗಿ ಮಂದಿಗೆ ಹೇಳಿದ. ಗದ್ದಲ ಎದ್ದಿತು, ಮೆಲ್ಲಗೆ ಇಳಿಯಿತು. ಪರದೆಯ ಮೇಲೆ ಒಂದೊಂದೇ ಲೈನು ಖಾಲಿಯಾಗುತ್ತ ಬಂತು. ಆರು, ನಾಲ್ಕು, ಎರಡು. ಕೊನೆಗೆ ಒಂದು ಉಳಿಯಿತು. ಅದು ಹೋಗಲೇ ಇಲ್ಲ.

“ಯಾರದು?” ಎಂದರು ಚನ್ನಬಸಯ್ಯನವರು.

“ಬಸ್ ಸ್ಟ್ಯಾಂಡ್ ಎದುರಿನ ಪುಸ್ತಕದ ಅಂಗಡಿದ್ರಿ. ಅವರ ಫೋನ್ ಇದಕ್ಕ ಹತ್ತೇತಿ, ಫೋನ್ ಹಚ್ಚಿ ಕೇಳೇನಂದ್ರ ಆಗಾಂಗಿಲ್ಲ.”

ಮಾಯಪ್ಪ ತಾನೇ ಓಡಿದ. ಐದು ನಿಮಿಷದಲ್ಲಿ ಏದುಸಿರು ಬಿಡುತ್ತ ಬಂದ. “ಬಂಡೆಪ್ಪ ಮಾಸ್ತರು ಕುಂತಾರ್ರಿ ಮೇಡಂ. ಹಳ್ಳಿ ಹೈಸ್ಕೂಲಿನ ಹೆಡ್ ಮಾಸ್ತರು. ಸಾಲಿ ಮಕ್ಕಳದು ನಲವತ್ತೆರಡು ನಂಬರ್ ತಂದಾರ. ಒಂದೊಂದ ನೋಡಿ ಬರಕೊಳ್ಳಾಕತ್ತಾರ. ಹನ್ನೊಂದು ಉಳದಾವಂತ. ಹನ್ನೆರಡರ ಬಸ್ಸಿಗೆ ಹೋಗಬೇಕಂತ, ಊರಾಗ ಮಕ್ಕಳು ಸಾಲಿ ಮುಂದ ಕಾಯಾಕತ್ತಾರಂತ.”

ಪ್ರಮಿಳಾ ಗಡಿಯಾರ ನೋಡಿದಳು. ಹನ್ನೊಂದೂ ಹತ್ತು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಚನ್ನಬಸಯ್ಯನವರು ಕೇಳಿದರು.

“ತಗಡು ಮುಟ್ಟಿ ನೋಡು. ಬಿಸಿ ಏರಾಕತ್ತೇತೇನು?”

“ಇಲ್ರಿ. ಅಷ್ಟ ಐತಿ. ವಾಸನಿನೂ ಹೆಚ್ಚಾಗಿಲ್ಲ.”

“ಹಂಗಾದ್ರ?”

ಅವಳು ಮಾಯಪ್ಪನ ಮುಖ ನೋಡಿದಳು. ಕೆಳಗಿನ ಮಂದಿಯ ಸಿಟ್ಟು ಎದುರಿಸಬೇಕಾದವನು ಅವನೇ. ಮಾಯಪ್ಪ ಬೆವರು ಒರೆಸಿಕೊಂಡು, “ಮುಗಸ್ಲಿ ಬಿಡ್ರಿ. ನಮ್ಮ ಹುಡುಗರರ ಇಲ್ಲೇ ನಿಂತಾರ, ಆ ಹುಡುಗರು ಅಲ್ಲಿ ಕಾಯಾಕತ್ತಾರ” ಎಂದ. ಹೇಳಿದವನೇ ಕೆಳಗಿಳಿದು, ಪಕ್ಕದ ಹೋಟೆಲಿನಿಂದ ಕೊಡ ತರಿಸಿ ಬಿಸಿಲಲ್ಲಿ ನಿಂತವರಿಗೆಲ್ಲ ನೀರು ಹಂಚಿಸಿದ.

ಹನ್ನೊಂದೂ ಇಪ್ಪತ್ತೆರಡಕ್ಕೆ ಕೊನೆಯ ಲೈನು ತಾನಾಗಿ ಬಿಟ್ಟಿತು.

ಸ್ವಿಚ್ ಆರಿಸಿದಳು. ದೀಪಗಳು ಹೋದವು, ಫ್ಯಾನು ಸುತ್ತಿ ಸುತ್ತಿ ನಿಂತಿತು. ವೈರು ಕಿತ್ತಳು. ಫೋನಿನ ರಿಸೀವರನ್ನು ಮೇಜಿನ ಮೇಲೆ ತೆರೆದೇ ಇಟ್ಟು, ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿದ್ದಳು. ಚೀಟಿ ಅಂಟಿಸಿದೆ. ಪಟ್ಟಿ ಕಟ್ಟಿದೆ. ಎಡಗಡೆಯ ಸ್ಕ್ರೂ ಸಡಿಲಾಯಿತು, ಈಗ ಬಲಗಡೆಯದು. ಎಳೆಯುತ್ತಿದ್ದೇನೆ. ಕಾರ್ಡು ಮೊದಲು ಬಿಗಿ ಹಿಡಿಯಿತು, ಆಮೇಲೆ ಬಿಟ್ಟುಕೊಟ್ಟು ಹಳಿಯ ಮೇಲೆ ಜಾರಿದಂತೆ ನೆಟ್ಟಗೆ ಹೊರಗೆ ಬಂತು. ಅಂಚು ಹಿಡಿದು, ಕಾರ್ಡು ಇಡಲೆಂದೇ ಇರುವ ಬೂದುಬಣ್ಣದ ಹೊಳೆಯುವ ಚೀಲದೊಳಗೆ ಇಳಿಸಿದಳು.

“ಬಂತ್ರಿ” ಎಂದಳು.

ರಿಸೀವರಿನಿಂದ ಸಣ್ಣ ದನಿ ಬಂತು. “ಖಾಲಿ ಬಾಯಿ ಹಂಗ ಬಿಡಬ್ಯಾಡ. ಗಾಳಿ ಅಡ್ಡಾದಿಡ್ಡಿ ಹೋಗತೈತಿ, ಧೂಳು ಕುಂದರತೈತಿ. ಚೌಕಟ್ಟಿನ ಒಳಗಡೆ, ಎಡಬಾಜು ಕೈ ಹಾಕು.”

ಅಲ್ಲಿ ಒಂದು ಲಕೋಟೆ ಅಂಟಿಸಿತ್ತು. ಒಳಗೆ ಆ ಖಾನೆಯ ಮೂಲ ಮುಚ್ಚಳ, ಎರಡು ಸ್ಕ್ರೂ. ಕೇಂದ್ರ ತೆರೆದ ದಿನವೇ ಕಾರ್ಡು ಕೂರಿಸುವ ಮೊದಲು ತೆಗೆದಿದ್ದನ್ನು ಅವರು ಎತ್ತಿಟ್ಟಿದ್ದರು. ಲಕೋಟೆಯ ಮೇಲೆ ಅವರ ದುಂಡು ಅಕ್ಷರ: ‘ಎರಡನೇ ಖಾನೆಯ ಮುಚ್ಚಳ. ಬೇಕಾಗುತ್ತದೆ.’ ಅದನ್ನು ಓದಿದಾಗ ಅವಳ ಕಣ್ಣು ತುಂಬಿ ಬಂದವು. ಆದರೆ ಆಗ ಅಳಲು ಹೊತ್ತಿರಲಿಲ್ಲ. ಮುಚ್ಚಳ ಹಾಕಿ, ಒಳ್ಳೆಯ ಕಾರ್ಡಿನ ತಂತಿಗಳನ್ನು ಚೀಟಿ ನೋಡಿ ಸಿಕ್ಕಿಸಿ, ವೈರು ಹಚ್ಚಿ ಸ್ವಿಚ್ ಒತ್ತಿದಳು.

ಡಬ್ಬಿ ಪೂರ್ತಿ ಏಳಲು ನಾಲ್ಕು ನಿಮಿಷ. ಫ್ಯಾನಿನ ಸದ್ದು ಮಾತ್ರ ಫೋನಿನಲ್ಲಿ ಹಿಂದವಾಡಿಗೆ ಹೋಗುತ್ತಿತ್ತು. ಆಮೇಲೆ ಮೊದಲ ಕರೆ ಬಂದು ಒಂದನೆಯ ಲೈನಿನ ದೀಪ ಹತ್ತಿತು. ಎರಡನೆಯದು, ಮೂರನೆಯದು. ಎಂಟೂ ತುಂಬಿದವು. ಕೆಳಗೆ ಯಾವನೋ ಹುಡುಗನ ಅಂಕ ತೆರೆದಿರಬೇಕು, ಅವನ ಕಡೆಯವರು ಕೂಗಿದ್ದು ಮೇಲಿನ ಕೋಣೆಗೂ ಕೇಳಿಸಿತು.

“ಅದೇನು ಸದ್ದು?” ಎಂದರು ಚನ್ನಬಸಯ್ಯನವರು.

“ಪಾಸಾಗ್ಯಾರ್ರಿ” ಎಂದಳು ಪ್ರಮಿಳಾ.

ಸಂಜೆಯವರೆಗೆ ಎಂಟು ಲೈನುಗಳು ಒಮ್ಮೆಯೂ ಬೀಳಲಿಲ್ಲ. ಹದಿನಾರು ನಡೆಸುವ ಕೆಲಸವನ್ನು ಎಂಟರಲ್ಲಿ ನಡೆಸಬೇಕಾದ್ದರಿಂದ ಸಾಲು ಉದ್ದವಾಯಿತು, ಆದರೆ ಕತ್ತಲಾಗುವ ಮೊದಲು ಎಲ್ಲರೂ ತಮ್ಮ ತಮ್ಮ ಅಂಕ ತಿಳಿದುಕೊಂಡೇ ಊರಿಗೆ ಮರಳಿದರು. ಸಂಜಯ ಮತ್ತೆ ಫೋನ್ ಮಾಡಲಿಲ್ಲ. ಮರುದಿನ ತಾವೇ ಖಾನಾಪುರಕ್ಕೆ ಬಂದು ಕೋಣೆ ನೋಡಿದರು, ಮುಚ್ಚಳ ಮುಟ್ಟಿ ನೋಡಿದರು. “ನಿನ್ನೆ ನಾ ಹೇಳಿದ್ದು ನೀ ಕೇಳಲಿಲ್ಲ, ಚಲೋ ಆತು” ಎಂದರು. ಅವಸರದ ಮನುಷ್ಯನಾದರೂ ಅಷ್ಟು ಹೇಳುವ ದೊಡ್ಡತನ ಅವರಿಗಿತ್ತು ಎನ್ನುತ್ತಾಳೆ ಪ್ರಮಿಳಾ.

ವಾರದ ನಂತರ ಬಂಡೆಪ್ಪ ಮಾಸ್ತರು ಅಂಗಡಿ ಹುಡುಕಿಕೊಂಡು ಬಂದರು. ತಾವು ಅಂಕ ಬರೆದುಕೊಳ್ಳುವವರೆಗೆ ಊರಿಡೀ ಕಾದದ್ದು ಅವರಿಗೆ ಮಾಯಪ್ಪನಿಂದ ಗೊತ್ತಾಗಿತ್ತು. ನಲವತ್ತೆರಡರಲ್ಲಿ ಮೂವತ್ತಾರು ಮಕ್ಕಳು ಪಾಸು. ಚೀಲದ ತುಂಬ ಹಲಸಿನ ಹಪ್ಪಳ ತಂದಿದ್ದರು, ಮಕ್ಕಳ ಮನೆಗಳಿಂದ ಕೂಡಿಸಿದ್ದು. ಅದರಲ್ಲಿ ನನಗೂ ಪಾಲು ಸಿಕ್ಕಿತು. ಅಂದು ರೈಲಿನಲ್ಲಿ ಹಪ್ಪಳದ ಕಟ್ಟು ಬಿಚ್ಚಿ ಕೊಡುತ್ತಲೇ ಅವಳು ಈ ಕಥೆಯನ್ನೆಲ್ಲ ನನಗೆ ಹೇಳಿದ್ದು.

ಚನ್ನಬಸಯ್ಯನವರ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ, ಹೊಸ ಕನ್ನಡಕ ಬಂದ ದಿನ, ಪ್ರಮಿಳಾ ಹಿಂದವಾಡಿಗೆ ಹೋದಳು. ಏನೇನೋ ಹೇಳಬೇಕೆಂದು ದಾರಿಯುದ್ದ ಜೋಡಿಸಿಕೊಂಡಿದ್ದಳಂತೆ. ದೇಸೂರಿಗೆ ಬಂದು ಹಾಲು ಕುಡಿದದ್ದು, ವರದಿಯಲ್ಲಿ ತಮ್ಮ ಹೆಸರು ಬರೆಸಿದ್ದು. ಬಾಗಿಲು ತೆಗೆದ ಗಂಗಾದೇವಿ ಒಳಗೆ ಕರೆದು ಕೂರಿಸುವಷ್ಟರಲ್ಲಿ ಎಲ್ಲ ಮರೆತುಹೋಯಿತು.

“ನಿಮ್ಮಿಂದ ಭಾಳ ಉಪಕಾರ ಆತ್ರಿ” ಎಂದಷ್ಟೇ ಹೇಳಿದಳು.

“ಅದಿರ್ಲಿ, ಕಾರ್ಡ್ ಎಲ್ಲೈತಿ?” ಎಂದರು ಅವರು.

ಅವಳು ಕಾರ್ಡಿನ ಚೀಲ ತಂದಿದ್ದಳು. ಅವರು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಕಾರ್ಡನ್ನು ಅಂಗುಲ ಅಂಗುಲವಾಗಿ ನೋಡಿದರು. ಒಂದು ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಭಾಗವೊಂದು ಉಬ್ಬಿ ನಿಂತಿತ್ತು. “ಇಲ್ಲಿ ನೋಡು. ತಯಾರಾದಾಗಿಂದನ ಇದರಾಗ ದೋಷ ಇತ್ತು. ನಿಂದಲ್ಲ, ನಂದಲ್ಲ. ಹಲ್ಲು ಒಂದೂ ಬಾಗಿಲ್ಲ, ಎಷ್ಟು ಚಂದ ತೆಗದಿ. ಇದನ್ನ ರಿಪೇರಿಗೆ ಕಳಸಬಹುದು.” ಆಮೇಲೆ ಹೆಂಡತಿಯನ್ನು ಕರೆದು, ಆ ಅಕ್ಕಿಕಾಳನ್ನು ಆಕೆಗೂ ತೋರಿಸಿದರು. ಎರಡು ವರ್ಷದಿಂದ ಅಷ್ಟು ಸಣ್ಣದು ಅವರ ಕಣ್ಣಿಗೆ ಕಂಡಿರಲಿಲ್ಲ. “ಡಾಕ್ಟರ್ ಪುಣ್ಯಾತ್ಮ” ಎಂದು ಎರಡು ಸಲ ಅಂದರು.

ಗಂಗಾದೇವಿ ಊಟಕ್ಕೆ ಬಡಿಸಿದರು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು. ಮೂವರೂ ಒಟ್ಟಿಗೆ ಕೂತು ಉಂಡರು.

ಆ ಕಾರ್ಡು ರಿಪೇರಿಯಾಗಿ ಆಗಸ್ಟ್ ತಿಂಗಳಲ್ಲಿ ಮರಳಿ ಬಂತು. ಪ್ರಮಿಳಾಳೇ ಅದನ್ನು ಖಾನಾಪುರದಲ್ಲಿ ಕೂರಿಸಿದಳು. ಟೆಲಿಫೋನ್ ಹಚ್ಚಿ ಇಂಟರ್ನೆಟ್ ನೋಡುವ ಕಾಲ ಮುಗಿದು ಕೇಂದ್ರ ಮುಚ್ಚುವವರೆಗೆ, ಇನ್ನೂ ಐದು ವರ್ಷ, ಅದು ಒಂದು ದಿನವೂ ಕೆಡದೆ ನಡೆಯಿತು. ಪ್ರಮಿಳಾ ಆಮೇಲೆ ಬೆಳಗಾವಿಯ ಒಂದು ತರಬೇತಿ ಕೇಂದ್ರದಲ್ಲಿ ಕಲಿಸುವ ಕೆಲಸಕ್ಕೆ ಸೇರಿದಳು. ಮದುವೆಯಾಗಿ ಶಹಾಪುರದಲ್ಲಿ ಮನೆ ಮಾಡಿದ್ದಾಳೆ, ಹೀಗಾಗಿ ರೈಲಿನಲ್ಲಿ ಸಿಗುವುದಿಲ್ಲ. ಯುಗಾದಿಗೆ ಹೋದರೆ ಬಿಡದೆ ಊಟ ಹಾಕಿ ಕಳಿಸುತ್ತಾಳೆ. ಅವಳ ತರಗತಿಯಲ್ಲಿ ಮೊದಲ ದಿನ ಯಾರೂ ಯಾವ ಯಂತ್ರವನ್ನೂ ಮುಟ್ಟುವಂತಿಲ್ಲವಂತೆ. ಎಲ್ಲರಿಗೂ ಚಹಾ ತರಿಸುತ್ತಾಳೆ.